ಆಲ್ಬರ್ಟ್ ಹಾಲಿಗೆ ಬಾರದ ರಸಿಕ

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಾಲ್ಕು ಹಾಡುಗಳು ಮೊಟ್ಟಮೊದಲ ಬಾರಿಗೆ ಕೇಳಿಬಂದವು. ಅವನ್ನು ರಚಿಸಿದ ರಿಚರ್ಡ್ ಸ್ಟ್ರಾಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರ ಜೊತೆ ಐವತ್ತೈದು ವರ್ಷ ಸಂಸಾರ ಮಾಡಿದ, ಒಂದು ಕಾಲಕ್ಕೆ ಅವರ ಹಾಡುಗಳನ್ನು ವೇದಿಕೆಯ ಮೇಲೆ ತಾವೇ ಹಾಡುತ್ತಿದ್ದ ಪತ್ನಿ ಪೌಲೀನೆ ಕಛೇರಿಗೆ ಒಂಬತ್ತು ದಿನ ಮೊದಲು ಕಣ್ಣು ಮುಚ್ಚಿದ್ದರು. ಹಾಡಿದವರು ನಾರ್ವೆಯ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವರು ಜರ್ಮನಿಯ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ನುಡಿಸಿದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಈ ಕಛೇರಿ ನಡೆಯಲೆಂದು 4,800 ಡಾಲರುಗಳ ಖಾತರಿ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರ್. ಅವರಿಗೆ ಅಂದು ಅಲ್ಲಿಗೆ ಹೋಗಲಾಗಲಿಲ್ಲ. ಹಾಡುಗಳನ್ನು ಧ್ವನಿಮುದ್ರಿಸಿ ಗ್ರಾಮಫೋನ್ ಪ್ಲೇಟುಗಳನ್ನು ಮೈಸೂರಿಗೆ ಕಳುಹಿಸಿಕೊಡಬೇಕು, ಇಷ್ಟೇ ಅವರು ಬಯಸಿದ್ದು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯಲ್ಲಿ ಕಥೆಗಳಿಗೇನೂ ಬರವಿಲ್ಲ. ಕಿವುಡನಾದ ರಚನಕಾರ, ಸಿಡುಕಿನ ಕಂಡಕ್ಟರ್, ಕಳುವಾಗಿ ಮತ್ತೆ ಸಿಕ್ಕ ಪಿಟೀಲು, ಎಲ್ಲವೂ ಇವೆ. ಕೇಳುಗನ ಕಥೆ ಮಾತ್ರ ಅಪರೂಪ. ಒಬ್ಬ ಕೇಳುಗ ಎಷ್ಟು ದೂರದಲ್ಲಿ ಕುಳಿತು, ಎಷ್ಟು ಗಾಢವಾಗಿ ಕೇಳಿ, ಜಗತ್ತು ಮುಂದೆ ಏನನ್ನು ಕೇಳಬಹುದು ಎಂಬುದನ್ನೇ ಬದಲಿಸಬಲ್ಲ ಎನ್ನುವುದಕ್ಕೆ ಮೈಸೂರಿನ ಈ ಪ್ರಸಂಗಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ. ನಮ್ಮಲ್ಲಿ ಇದನ್ನು ಮಹಾರಾಜರ ಔದಾರ್ಯದ ಪಟ್ಟಿಗೆ ಸೇರಿಸಿ, ಒಂದು ಸಾಲು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಔದಾರ್ಯ ದೊಡ್ಡದೇ. ಅದಕ್ಕಿಂತ ದೊಡ್ಡದು ಆ ಕಿವಿ.

ಜಯಚಾಮರಾಜ ಒಡೆಯರ್ ಪಿಯಾನೋ ಕಲಾವಿದರಾಗಬೇಕೆಂದು ಹಂಬಲಿಸಿದ್ದವರು. 1919ರ ಜುಲೈ 18ರಂದು ಹುಟ್ಟಿದ ಅವರು ಬೆಳೆದದ್ದು ಎರಡೂ ಸಂಗೀತಗಳು ಉಸಿರಾಡುತ್ತಿದ್ದ ಅರಮನೆಯಲ್ಲಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ವೀಣೆ ಶೇಷಣ್ಣನವರಂಥ ಮಹಾನುಭಾವರನ್ನು ಆಸ್ಥಾನದಲ್ಲಿ ಇರಿಸಿಕೊಂಡಿದ್ದರು. ಹಾಗೆಯೇ ಜರ್ಮನಿಯ ಆಟೊ ಷ್ಮಿಟ್ ಅವರನ್ನು ಕರೆಸಿ ಅರಮನೆಯ ಪಾಶ್ಚಾತ್ಯ ವಾದ್ಯಗಾರರನ್ನು ಅವರ ಕೈಗೆ ಒಪ್ಪಿಸಿದ್ದರು. ರಾಜಕುಮಾರನ ಸೋದರಿ ವಿಜಯಾದೇವಿಯವರೂ ಒಳ್ಳೆಯ ಪಿಯಾನೋ ಕಲಾವಿದೆ. ಈ ವಾತಾವರಣದಲ್ಲಿ ಹುಡುಗನೊಬ್ಬ ಬೇಥೋವನ್ ಕಡೆಗೆ ಹೊರಳಿದ್ದರಲ್ಲಿ ಅಚ್ಚರಿಯಿಲ್ಲ.

1940ರ ಮಾರ್ಚ್‌ನಲ್ಲಿ ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟ್‌ನಲ್ಲಿ ನಾಲ್ವಡಿಯವರೂ ಹೋದರು. ಇಪ್ಪತ್ತೊಂದು ವರ್ಷದ ತರುಣ ಸಿಂಹಾಸನವನ್ನು ಏರಬೇಕಾಯಿತು. ಪಿಯಾನೋ ಕಲಾವಿದನ ಬದುಕು ಅಲ್ಲಿಗೆ ಮುಗಿಯಿತು. ಅಭ್ಯಾಸವನ್ನು ಅವರು ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು, ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೊ ಪದವಿ ಕೊಟ್ಟಿತು. ಆದರೆ ನುಡಿಸುವ ಬದುಕು ತಪ್ಪಿದ ಮೇಲೆ ಅವರು ನಿಜವಾಗಿ ಕಟ್ಟಿಕೊಂಡದ್ದು ಕೇಳುವ ಬದುಕನ್ನು. 1950ರ ಹೊತ್ತಿಗೆ ಅವರ ಬಳಿ ಸುಮಾರು 20,000 ಗ್ರಾಮಫೋನ್ ಪ್ಲೇಟುಗಳಿದ್ದವೆಂದು ಅಂದಾಜು. ಪ್ಲೇಟಿನ ಒಂದು ಬದಿಯಲ್ಲಿ ನಾಲ್ಕೂವರೆ ನಿಮಿಷ ಹಾಡಿದರೆ ಹೆಚ್ಚು ಎನ್ನುವ ಕಾಲವದು. ಒಂದು ಸಿಂಫನಿ (ಆರ್ಕೆಸ್ಟ್ರಾಕ್ಕೆಂದು ಬರೆದ ದೀರ್ಘ ಕೃತಿ) ಕೇಳಲು ಮತ್ತೆ ಮತ್ತೆ ಎದ್ದು ಪ್ಲೇಟು ತಿರುವಬೇಕು. ಹಾಗೆ ಕೇಳಿ ಬೆಳೆದ ಕಿವಿ ಅವರದು.

ಆ ಕಿವಿ ಹುಡುಕಿಕೊಂಡ ಮನುಷ್ಯ ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್.

ಮೆಟ್ನರ್ ಹೆಸರು ಇಂದಿಗೂ ಪಿಯಾನೋ ನುಡಿಸುವವರ ವಲಯದಾಚೆ ಅಷ್ಟಾಗಿ ಗೊತ್ತಿಲ್ಲ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ರಷ್ಯಾದ ಹೆಸರಾಂತ ರಚನಕಾರ ರಾಖ್ಮನಿನೊವ್ ಅವರ ಆಪ್ತ ಗೆಳೆಯ. ರಾಖ್ಮನಿನೊವ್ ತಮ್ಮ ನಾಲ್ಕನೆಯ ಪಿಯಾನೋ ಕನ್ಚೆರ್ಟೊವನ್ನು (ಆರ್ಕೆಸ್ಟ್ರಾದ ಜೊತೆ ಪಿಯಾನೋ ನುಡಿಸುವ ದೊಡ್ಡ ಕೃತಿ) ಮೆಟ್ನರ್‌ಗೆ ಅರ್ಪಿಸಿದರೆ, ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನೊವ್‌ಗೆ ಅರ್ಪಿಸಿದರು. ಕ್ರಾಂತಿಯ ನಂತರ, 1921ರಲ್ಲಿ, ಮೆಟ್ನರ್ ರಷ್ಯಾ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ಮಧ್ಯಭಾಗದಲ್ಲಿ ಲಂಡನ್ ಸೇರಿದರು. ಯುರೋಪಿನ ಸಂಗೀತವೆಲ್ಲ ಹೊಸ ಪ್ರಯೋಗಗಳ ಬೆನ್ನು ಹತ್ತಿದ್ದಾಗ ಇವರು ಹಳೆಯ ಶ್ರುತಿ, ಹಳೆಯ ರಾಗಬದ್ಧತೆಯೇ ನಿಜವೆಂದು ಹಟ ಹಿಡಿದು ಬರೆಯುತ್ತಿದ್ದರು. ಹಾಗಾಗಿ ಕಾಲ ಅವರನ್ನು ಬದಿಗೆ ಸರಿಸಿತ್ತು. ಮಹಾಯುದ್ಧ ಶುರುವಾದ ಮೇಲೆ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಅಲ್ಪಸ್ವಲ್ಪ ಹಣವೂ ನಿಂತಿತು. ಹೃದಯದ ಕಾಯಿಲೆ ಅಂಟಿಕೊಂಡಿತು. ಬಾಂಬುಗಳಿಗೆ ಹೆದರಿ ವಾರಿಕ್‌ಷೈರಿಗೆ ಹೋಗಿ, ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬದ ಆಸರೆಯಲ್ಲಿ ಉಳಿದರು. ಅಂಥ ದಿನಗಳಲ್ಲಿ ಪೂರ್ಣಗೊಂಡದ್ದು ಅವರ ಮೂರನೆಯ ಪಿಯಾನೋ ಕನ್ಚೆರ್ಟೊ. 1944ರ ಫೆಬ್ರವರಿಯಲ್ಲಿ ಆಲ್ಬರ್ಟ್ ಹಾಲಿನಲ್ಲಿ ಏಡ್ರಿಯನ್ ಬೋಲ್ಟ್ ಅವರ ನಿರ್ದೇಶನದಲ್ಲಿ ಅದನ್ನು ಮೆಟ್ನರ್ ತಾವೇ ನುಡಿಸಿದರು.

ಇಂಥ ಒಬ್ಬರ ಸಂಗೀತವನ್ನು ಮೈಸೂರಿನ ದೊರೆ ಆರಿಸಿಕೊಂಡದ್ದು ನನ್ನನ್ನು ಬಹಳ ದಿನ ಕಾಡಿದೆ. ಹೆಸರು ಬೇಕಿದ್ದವರು ಬೇಥೋವನ್ ಸಿಂಫನಿಗಳಿಗೋ ಮೊಜಾರ್ಟ್ ಆಪೆರಾಗಳಿಗೋ ಹಣ ಸುರಿಯುತ್ತಿದ್ದರು. ಮೆಟ್ನರ್ ಮೊದಲ ಕೇಳ್ಮೆಗೆ ದಕ್ಕುವವರಲ್ಲ. ಅವರ ರಾಗಗಳು ರಾಖ್ಮನಿನೊವ್ ರಾಗಗಳ ಹಾಗೆ ಎದುರಿಗೆ ಬಂದು ಕೈ ಹಿಡಿಯುವುದಿಲ್ಲ. ಒಂದರೊಳಗೊಂದು ಹೆಣೆದುಕೊಂಡು, ಒಂದು ಸಣ್ಣ ಸ್ವರಗುಚ್ಛವೇ ಹತ್ತು ರೂಪಗಳಲ್ಲಿ ಮರಳಿ ಬರುತ್ತದೆ. ಒಂದೇ ಸಾಲಿನ ಮೇಲೆ ಸಂಗತಿಗಳು ಬೆಳೆಯುವುದನ್ನು ಕೇಳಿ ರೂಢಿಯಿದ್ದ ಕಿವಿಗೆ ಅದು ಬೇಗ ಒಲಿದಿರಬಹುದು ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ ಮಾತ್ರ, ಆದರೂ ಮೆಟ್ನರ್ ಕೇಳುವಾಗಲೆಲ್ಲ ಅದು ಗಟ್ಟಿಯಾಗುತ್ತ ಹೋಗಿದೆ.

ಇಲ್ಲಿ ವಾಲ್ಟರ್ ಲೆಗ್ ಪ್ರವೇಶವಾಗುತ್ತದೆ. ಲೆಗ್ ಯಾವ ವಾದ್ಯವನ್ನೂ ನುಡಿಸಿ ಹೆಸರು ಮಾಡಿದವರಲ್ಲ. ಗ್ರಾಮಫೋನ್ ಕಂಪನಿಯಲ್ಲಿ ಧ್ವನಿಮುದ್ರಣಗಳನ್ನು ಮಾಡಿಸುತ್ತಿದ್ದವರು. 1930ರ ದಶಕದ ಆರಂಭದಲ್ಲಿ ಅವರು ಒಂದು ಹೊಸ ದಾರಿ ಕಂಡುಕೊಂಡಿದ್ದರು. ಜನಪ್ರಿಯವಲ್ಲದ ಸಂಗೀತವನ್ನು ಮುದ್ರಿಸುವ ಮೊದಲೇ ಚಂದಾದಾರರನ್ನು ಕೂಡಿಸುವುದು. ಹ್ಯೂಗೊ ವುಲ್ಫ್ ಅವರ ಹಾಡುಗಳಿಗೆ 500 ಮಂದಿ ಚಂದಾ ಕೊಟ್ಟ ಮೇಲೆ ಕೆಲಸ ಶುರುವಾಯಿತು. ಕನ್ನಡದಲ್ಲಿ ಎಷ್ಟೋ ಒಳ್ಳೆಯ ಪುಸ್ತಕಗಳು ಹೊರಬಂದದ್ದು ಹೀಗೆಯೇ ಅಲ್ಲವೇ? ಮೆಟ್ನರ್ ಕೃತಿಗಳನ್ನು ಮುದ್ರಿಸಲೆಂದು ಹುಟ್ಟಿದ ಮೆಟ್ನರ್ ಸೊಸೈಟಿಯಲ್ಲಿ ಮಾತ್ರ ಆ ನೂರಾರು ಚಂದಾದಾರರ ಜಾಗದಲ್ಲಿ ಒಡೆಯರ್ ಒಬ್ಬರೇ ನಿಂತರು.

ಲೆಗ್ ಮೈಸೂರಿಗೆ ಬಂದರು. ಅಲ್ಲಿ ಕಂಡದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬೆರಗಿನಿಂದ ಬರೆದಿದ್ದಾರೆ: ಇನ್ನೂ ಮೂವತ್ತು ತುಂಬದ ಮಹಾರಾಜ, ಗಂಭೀರ ಸಂಗೀತದ ಊಹಿಸಬಹುದಾದ ಎಲ್ಲ ಧ್ವನಿಮುದ್ರಿಕೆಗಳಿದ್ದ ಗ್ರಂಥಾಲಯ, ಬಗೆಬಗೆಯ ಧ್ವನಿವರ್ಧಕಗಳು, ಕಛೇರಿಗೆ ಒಗ್ಗುವ ದೊಡ್ಡ ಪಿಯಾನೋಗಳು. ಒಡೆಯರ್ ಮೆಟ್ನರ್ ಅವರ ಕನ್ಚೆರ್ಟೊಗಳು, ಹಾಡುಗಳು, ಒಂದಷ್ಟು ಕಿರುಮೇಳದ ಕೃತಿಗಳ ಮುದ್ರಣಕ್ಕೆ ಹಣ ಕೊಡಲು ಒಪ್ಪಿದರು. ಅಷ್ಟರಲ್ಲೇ ನಿಲ್ಲದೆ ಲೆಗ್ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ನೆಲೆಯೂರಲು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ಕೊಡುವುದಾಗಿ ಮಾತು ಕೊಟ್ಟರು.

ಆರ್ಕೆಸ್ಟ್ರಾ ಎಂದರೆ ಎಂಬತ್ತು ತೊಂಬತ್ತು ಮಂದಿಯ ಸಂಸಾರ. ಕರ್ನಾಟಕ ಸಂಗೀತದ ಕಛೇರಿಗೆ ಗಾಯಕರು, ಪಿಟೀಲು, ಮೃದಂಗ, ಹೆಚ್ಚೆಂದರೆ ಘಟವೋ ಮೋರ್ಚಿಂಗೋ ಸಾಕು. ಅಲ್ಲಿ ಹಾಗಲ್ಲ. ಸಿಂಫನಿಯ ಉದ್ದಕ್ಕೂ ಸುಮ್ಮನೆ ಕುಳಿತು ಕೊನೆಯಲ್ಲಿ ಎರಡು ಬಾರಿ ತಾಳ ತಟ್ಟುವವನಿಗೂ ಸಂಬಳ ಕೊಡಬೇಕು. ಅಭ್ಯಾಸಕ್ಕೆ ಜಾಗ ಬೇಕು. ಬಾಡಿಗೆ ಕಟ್ಟಬೇಕು. ಹಣ ನಿಂತರೆ ಒಂದು ತಿಂಗಳೊಳಗೆ ಒಳ್ಳೆಯವರೆಲ್ಲ ಬೇರೆ ಕಡೆ ಹೋಗಿಬಿಡುತ್ತಾರೆ. ಫಿಲ್‌ಹಾರ್ಮೋನಿಯಾ ಹುಟ್ಟಿದ್ದು 1945ರಲ್ಲಿ. ಯುದ್ಧಕಾಲದಲ್ಲಿ ಸೇನೆಯ ಬ್ಯಾಂಡುಗಳಲ್ಲಿದ್ದ ಯುವ ವಾದಕರು ಅದರಲ್ಲಿದ್ದರು. ಹಾರ್ನ್ ಎಂಬ ಹಿತ್ತಾಳೆಯ ಊದುವ ವಾದ್ಯದಲ್ಲಿ ಆ ಶತಮಾನವೇ ತಲೆದೂಗಿದ ಡೆನಿಸ್ ಬ್ರೇನ್ ಇದ್ದರು. ಮೊದಲ ಕಛೇರಿ ನಡೆಸಿಕೊಟ್ಟ ಸರ್ ಥಾಮಸ್ ಬೀಚಮ್ ಸಂಭಾವನೆಯಾಗಿ ತೆಗೆದುಕೊಂಡದ್ದು ಒಂದು ಸಿಗಾರ್ ಎಂಬುದು ಲಂಡನ್ ಸಂಗೀತ ವಲಯದಲ್ಲಿ ಎಲ್ಲರೂ ಹೇಳುವ ಕಥೆ. ಆದರೆ ಸಿಗಾರುಗಳಿಂದ ಆರ್ಕೆಸ್ಟ್ರಾ ಉಳಿಯುವುದಿಲ್ಲ. ಯುದ್ಧದಿಂದ ಬರಿದಾಗಿದ್ದ ಲಂಡನ್ನಿಗೆ ಆ ಹಣ ಮೈಸೂರಿನಿಂದ ಬಂತು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರ್.

1947ರಲ್ಲಿ ಮೆಟ್ನರ್ ಧ್ವನಿಮುದ್ರಣಕ್ಕೆ ಕುಳಿತರು. ವಯಸ್ಸು ಅರವತ್ತೇಳು, ಎದೆಯಲ್ಲಿ ಕಾಯಿಲೆ. ಅಂದಿನ ಮುದ್ರಣ ಹೇಗೆ ನಡೆಯುತ್ತಿತ್ತು ಎಂಬುದನ್ನು ನೆನೆಸಿಕೊಂಡರೆ ಆ ಕೆಲಸದ ಭಾರ ತಿಳಿಯುತ್ತದೆ. ತಿರುಗುವ ಮೇಣದ ತಟ್ಟೆಯ ಮೇಲೆ ಸೂಜಿ ನೇರವಾಗಿ ಗೆರೆ ಕೊರೆಯುತ್ತದೆ. ಕತ್ತರಿಸಿ ಜೋಡಿಸುವ ಅವಕಾಶವಿಲ್ಲ. ನಾಲ್ಕು ನಿಮಿಷದ ತುಣುಕಿನಲ್ಲಿ ಮೂರೂವರೆ ನಿಮಿಷ ಅದ್ಭುತವಾಗಿ ಸಾಗಿ ಕೊನೆಯಲ್ಲಿ ಒಬ್ಬರ ಹಾರ್ನಿನ ಸ್ವರ ಒಡೆದರೆ ಎಲ್ಲರೂ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮೇಣದ ತಟ್ಟೆಯನ್ನು ಹಾಕಿ ಕೇಳಿದರೆ ಗೆರೆ ಹಾಳಾಗುತ್ತದೆ. ಹಾಗಾಗಿ ಸರಿಯಾಯಿತೋ ಇಲ್ಲವೋ ಎಂದು ನೆನಪಿನಿಂದಲೇ ತೀರ್ಮಾನಿಸಬೇಕು. ಅರ್ಧ ಗಂಟೆಗೂ ಮಿಗಿಲಾದ ಕೃತಿಯನ್ನು ಹೀಗೆ ತುಣುಕು ತುಣುಕಾಗಿ ನುಡಿಸಿ, ನಡುವೆ ತಣ್ಣಗಾದ ಬೆರಳುಗಳನ್ನು ಮತ್ತೆ ಅದೇ ಭಾವಕ್ಕೆ ತರಬೇಕು. ಮೆಟ್ನರ್ ಮೂರೂ ಕನ್ಚೆರ್ಟೊಗಳನ್ನು ಮುಗಿಸಿದರು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದ ಎರಡಕ್ಕೆ ಇಸ್ಸಾಯ್ ಡೊಬ್ರೊವೆನ್ ಕಂಡಕ್ಟರ್. ಹಾಡುಗಳನ್ನೂ ಮುದ್ರಿಸಿದರು. ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡುವಾಗ ಪಿಯಾನೋ ಹಿಡಿದವರು ಮೆಟ್ನರ್. ಯೌವನದಲ್ಲಿ ತೊಡಗಿ ದಶಕಗಳ ಕಾಲ ಕೈಯಲ್ಲಿಟ್ಟುಕೊಂಡು ಮುದಿತನದಲ್ಲಿ ಮುಗಿಸಿದ ಪಿಯಾನೋ ಕ್ವಿಂಟೆಟ್ (ಪಿಯಾನೋ ಮತ್ತು ನಾಲ್ಕು ತಂತಿವಾದ್ಯಗಳ ಕೃತಿ) ಕೂಡ ಅವರ ಕೈಯಿಂದಲೇ ಪ್ಲೇಟಿಗೆ ಬಂತು. 1951ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ಇದಾವುದೂ ಇರುತ್ತಿರಲಿಲ್ಲ.

ಮೂರನೆಯ ಕನ್ಚೆರ್ಟೊದ ಮೊದಲ ಪುಟದಲ್ಲಿ ಮೈಸೂರಿನ ಹೆಸರಿದೆ. ತಮ್ಮ ಕೃತಿಗಳನ್ನು ಮೆಚ್ಚಿ ಬೆಳೆಸಿದ್ದಕ್ಕೆ ಆಳವಾದ ಕೃತಜ್ಞತೆಯಿಂದ ಎಂದು ಹೇಳಿ ಮೆಟ್ನರ್ ಅದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಕೃತಿಯ ಬೀಜ ರಷ್ಯನ್ ಕವಿ ಲೆರ್ಮಂತೊವ್ ಅವರ ಒಂದು ಕವಿತೆ: ಹುಣ್ಣಿಮೆಯ ಬೆಳಕಿನಲ್ಲಿ ಈಜುವ ಜಲಕನ್ಯೆ, ನದಿಯ ತಳದಲ್ಲಿ ಎಚ್ಚರವಿಲ್ಲದೆ ಮಲಗಿದ ಯೋಧ. ಕವಿತೆಯಲ್ಲಿ ಅವನು ಏಳುವುದಿಲ್ಲ. ಮೆಟ್ನರ್ ಸಂಗೀತದಲ್ಲಿ ಏಳುತ್ತಾನೆ. ಕೊನೆಯ ಭಾಗದ ತಲೆಯ ಮೇಲೆ ಅವರು ಬರೆದ ಸೂಚನೆಯೇ ಎಚ್ಚರಗೊಳ್ಳುತ್ತ, ವೀರಭಾವದಿಂದ ನುಡಿಸಿ ಎನ್ನುತ್ತದೆ. ಯುದ್ಧದ ನಡುವೆ, ಪರರ ಮನೆಯಲ್ಲಿ, ಕಾಯಿಲೆಯ ಮನುಷ್ಯನೊಬ್ಬ ಹೀಗೆ ಬರೆದ ಎಂಬುದು ನನ್ನನ್ನು ಪ್ರತಿ ಬಾರಿಯೂ ಅಲುಗಾಡಿಸುತ್ತದೆ.

ಒಡೆಯರ್ ಅವರ ನೆರವಿನಿಂದ ಬೇರೆ ಕೃತಿಗಳೂ ಮುದ್ರಣ ಕಂಡವು. ಕಂಡಕ್ಟರ್ ಹೆರ್ಬರ್ಟ್ ಫಾನ್ ಕರಾಯನ್ ಫಿಲ್‌ಹಾರ್ಮೋನಿಯಾದ ಜೊತೆ 1949ರಲ್ಲಿ ಬಲಾಕಿರೆವ್ ಅವರ ಮೊದಲ ಸಿಂಫನಿಯನ್ನೂ ರೂಸೆಲ್ ಅವರ ನಾಲ್ಕನೆಯದನ್ನೂ ಮುದ್ರಿಸಿದರು. ಎರಡೂ ಅಂಗಡಿಯಲ್ಲಿ ಬಿಸಿಯಾಗಿ ಮಾರಾಟವಾಗುವ ಸರಕಲ್ಲ. ಎಲ್ಲರಿಗೂ ಬೇಕಾದದ್ದಕ್ಕೆ ಹೇಗೂ ಹಣ ಹುಟ್ಟುತ್ತದೆ. ಯಾರಿಗೂ ಬೇಡವಾದದ್ದನ್ನು ಬೇಕೆಂದು ಕೇಳುವುದರಲ್ಲಿ ಕೇಳುಗನ ವ್ಯಕ್ತಿತ್ವ ಇದೆ ಎಂದು ನಾನು ನಂಬಿದ್ದೇನೆ.

ಇನ್ನು ಆ ನಾಲ್ಕು ಹಾಡುಗಳು. ಸ್ಟ್ರಾಸ್ ಅವನ್ನು ಬರೆದದ್ದು 1948ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಆಗ ಅವರಿಗೆ ಎಂಬತ್ತಮೂರು, ಎಂಬತ್ತನಾಲ್ಕು. ಮೊದಲು ಆದದ್ದು ಐಶೆನ್‌ಡಾರ್ಫ್ ಅವರ ಕವಿತೆ, ಸಂಜೆಗೆಂಪು: ಸುಖ ದುಃಖಗಳಲ್ಲಿ ಕೈ ಕೈ ಹಿಡಿದು ನಡೆದ ಮುದಿ ದಂಪತಿ ಸಂಜೆಗೆಂಪಿನಲ್ಲಿ ನಿಂತಿದ್ದಾರೆ, ಎರಡು ಬಾನಾಡಿಗಳು ಮೇಲೇರುತ್ತಿವೆ, ಇದೇ ಸಾವು ಇರಬಹುದೇ ಎಂಬ ಪ್ರಶ್ನೆಯೊಂದಿಗೆ ಕವಿತೆ ಮುಗಿಯುತ್ತದೆ. ಆಮೇಲೆ ಹರ್ಮನ್ ಹೆಸ್ಸೆ ಅವರ ಮೂರು ಕವಿತೆಗಳು: ವಸಂತ, ನಿದ್ದೆಗೆ ಜಾರುವ ಹೊತ್ತು, ಸೆಪ್ಟೆಂಬರ್. ನಾಲ್ಕನ್ನೂ ಒಂದು ಮಾಲೆಯಾಗಿ ಪೋಣಿಸಿ ಕೊನೆಯ ಹಾಡುಗಳು ಎಂದು ಹೆಸರಿಟ್ಟವರು ಪ್ರಕಾಶಕ ಎರ್ನ್‌ಸ್ಟ್ ರೋಟ್. ಮೊದಲ ಕಛೇರಿಯಲ್ಲಿ ಹಾಡಿದ ಕ್ರಮವೂ ಇಂದು ಎಲ್ಲೆಡೆ ಹಾಡುವ ಕ್ರಮವೂ ಬೇರೆ ಬೇರೆ. ಸಂಜೆಗೆಂಪು ಮಾತ್ರ ಎರಡರಲ್ಲೂ ಕೊನೆಗೇ ಬರುತ್ತದೆ.

ಈ ಹಾಡುಗಳಲ್ಲಿ ಆರ್ಕೆಸ್ಟ್ರಾ ಪಕ್ಕವಾದ್ಯವಲ್ಲ. ನಿದ್ದೆಯ ಹಾಡಿನ ನಡುವೆ ಹಾಡುಗಾರ್ತಿ ಮೌನವಾಗುತ್ತಾಳೆ, ಒಂಟಿ ಪಿಟೀಲು ಆಕೆಯ ರಾಗವನ್ನು ಎತ್ತಿಕೊಂಡು ಮೇಲೇರುತ್ತದೆ. ಆಮೇಲೆ ಆಕೆ ಅದೇ ದಾರಿಯಲ್ಲಿ ಹಿಂಬಾಲಿಸುತ್ತಾಳೆ. ಸೆಪ್ಟೆಂಬರ್ ಮುಗಿಯುವಾಗ ಹಾರ್ನ್ ಒಂದೇ ಉಳಿದು ಮಾತು ಮುಗಿಸುತ್ತದೆ. ಸ್ಟ್ರಾಸ್ ಅವರ ತಂದೆ ಫ್ರಾಂಜ್ ಮ್ಯೂನಿಕ್ ಆಸ್ಥಾನದ ಆರ್ಕೆಸ್ಟ್ರಾದಲ್ಲಿ ಹಾರ್ನ್ ವಾದಕರಾಗಿದ್ದರು. ಹೆಂಡತಿಯ ಸ್ವರ ಸೊಪ್ರಾನೊ, ಎಂದರೆ ಹೆಣ್ಣಿನ ಅತಿ ಎತ್ತರದ ಸ್ಥಾಯಿಯ ಕಂಠ. ತಂದೆಯ ವಾದ್ಯ, ಹೆಂಡತಿಯ ಕಂಠ ಎರಡನ್ನೂ ಇಲ್ಲಿ ಕೇಳದೆ ಇರುವುದು ನನ್ನಿಂದಾಗದು. ಸಂಜೆಗೆಂಪಿನ ಕೊನೆಯ ಪ್ರಶ್ನೆಯ ನಂತರ ಆರ್ಕೆಸ್ಟ್ರಾದಲ್ಲಿ ಒಂದು ಹಳೆಯ ಎಳೆ ಸುಳಿದುಹೋಗುತ್ತದೆ. ಇಪ್ಪತ್ತೈದರ ಹರೆಯದಲ್ಲಿ, 1889ರಲ್ಲಿ, ಸಾವಿನ ಬಗ್ಗೆಯೇ ಅವರು ಬರೆದಿದ್ದ ಕೃತಿಯ ಎಳೆಯದು. ಆಮೇಲೆ ಕೊಳಲಿನ ಜಾತಿಯ ವಾದ್ಯಗಳಲ್ಲಿ ಆ ಎರಡು ಹಕ್ಕಿಗಳು.

ಮೊದಲ ಬಾರಿ ಇವನ್ನು ಹಾಡಬೇಕಾದವರು ಫ್ಲಾಗ್‌ಸ್ಟಾಡ್ ಎಂದು ಬಯಸಿದವರು ಸ್ಟ್ರಾಸ್. ಒಳ್ಳೆಯ ಕಂಡಕ್ಟರ್, ಒಳ್ಳೆಯ ಆರ್ಕೆಸ್ಟ್ರಾ ಇರಬೇಕೆಂದೂ ಆಕೆಗೆ ಬರೆದಿದ್ದರು. ಅವರ ಆಸೆ ಈಡೇರಿತು. ಆದರೆ ಅಂದಿನ ವೇದಿಕೆಯ ಮೇಲೆ ಯುದ್ಧದ ನೆರಳೂ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಸ್ಟ್ರಾಸ್ 1933ರಿಂದ 1935ರವರೆಗೆ ನಾತ್ಸಿ ಸರ್ಕಾರದ ಸಂಗೀತ ಮಂಡಳಿಯ ಅಧ್ಯಕ್ಷರಾಗಿದ್ದರು. ಫುರ್ಟ್‌ವೆಂಗ್ಲರ್ ಯುದ್ಧಕಾಲದಲ್ಲಿ ಜರ್ಮನಿಯಲ್ಲೇ ಉಳಿದು, ನಂತರ ವಿಚಾರಣೆ ಎದುರಿಸಿ ಮುಕ್ತರಾಗಿದ್ದರು. ಫ್ಲಾಗ್‌ಸ್ಟಾಡ್ 1941ರಲ್ಲಿ ಅಮೆರಿಕ ಬಿಟ್ಟು ಜರ್ಮನರ ವಶದಲ್ಲಿದ್ದ ನಾರ್ವೆಗೆ, ಗಂಡನ ಬಳಿಗೆ ಮರಳಿದ್ದಕ್ಕೆ ಯುದ್ಧಾನಂತರ ಬಹಳ ಮಾತು ಕೇಳಿದ್ದರು. ಹಾಡುಗಳ ಸೌಂದರ್ಯ ಇವನ್ನೆಲ್ಲ ತೊಳೆದುಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡೇ ಕೇಳಬೇಕು.

ಆ ದಿನದ ಧ್ವನಿಮುದ್ರಣ ಉಳಿದಿದೆ. ಸವೆದ ತಟ್ಟೆಗಳಿಂದ ತೆಗೆದದ್ದು, ಆದ್ದರಿಂದ ಗರಗರ ಸದ್ದು ಬಹಳ. ಸ್ಟುಡಿಯೋದಲ್ಲಿ ಮಾಡಿದ ಇಂದಿನ ಮುದ್ರಣಗಳಿಗೆ ಒಗ್ಗಿದವರಿಗೆ ಮೊದಲ ಐದು ನಿಮಿಷ ಕಷ್ಟ. ಕಿವಿ ಹೊಂದಿಕೊಂಡ ಮೇಲೆ ಫ್ಲಾಗ್‌ಸ್ಟಾಡ್ ಅವರ ಅಗಲವಾದ, ಆತುರವಿಲ್ಲದ ಕಂಠ ಆ ಸದ್ದಿನ ಹಿಂದಿನಿಂದ ಬಂದು ಎದುರು ನಿಲ್ಲುತ್ತದೆ.

ಈ ಎಲ್ಲ ಹಣ ಯಾರದು ಎಂಬ ಪ್ರಶ್ನೆಯನ್ನು ಕನ್ನಡಿಗರು ಕೇಳಲೇಬೇಕು. ಅರಸರ ಬೊಕ್ಕಸ ಕೊನೆಗೂ ತುಂಬುವುದು ಪ್ರಜೆಗಳ ದುಡಿಮೆಯಿಂದ. ಮೆಟ್ನರ್ ಕನ್ಚೆರ್ಟೊಗಳು ಮುದ್ರಣವಾದ 1947ರಲ್ಲೇ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯಿತು, ಜನ ಜೈಲಿಗೆ ಹೋದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಆಲ್ಬರ್ಟ್ ಹಾಲಿನ ಕಛೇರಿಯ ಹೊತ್ತಿಗೆ ದೇಶ ಗಣರಾಜ್ಯವಾಗಿ ನಾಲ್ಕು ತಿಂಗಳಾಗಿತ್ತು. ಒಡೆಯರ್ ಆಗ ಮಹಾರಾಜರಾಗಿ ಆಳುತ್ತಿರಲಿಲ್ಲ, ರಾಜಪ್ರಮುಖರಾಗಿದ್ದರು, ಎಂದರೆ ರಾಜ್ಯಪಾಲರಿಗೆ ಸಮನಾದ ಸ್ಥಾನದಲ್ಲಿದ್ದರು. ವರ್ಷಕ್ಕೆ 10,000 ಪೌಂಡುಗಳಿಂದ ನಮ್ಮ ಹಳ್ಳಿಗಳಲ್ಲಿ ಎಷ್ಟು ಶಾಲೆಗಳಾಗುತ್ತಿದ್ದವು ಎಂದು ಯಾರಾದರೂ ಕೇಳಿದರೆ ಅದು ಸಣ್ಣ ಮನಸ್ಸಿನ ಪ್ರಶ್ನೆಯಲ್ಲ. ನಾನೂ ಅದನ್ನು ಕೇಳಿಕೊಂಡಿದ್ದೇನೆ. ನನ್ನ ತೂಕ ಒಡೆಯರ್ ಕಡೆಗೇ ವಾಲುತ್ತದೆ. ಅರಸೊತ್ತಿಗೆಯ ಹಣ ಬೇಟೆಗೆ, ಕುದುರೆಗೆ, ವಜ್ರಕ್ಕೆ ಹೋದದ್ದಕ್ಕೆ ಲೆಕ್ಕವಿಲ್ಲ. ಇಲ್ಲಿ ಅದು ಒಬ್ಬ ನಿರಾಶ್ರಿತ ಮುದುಕನ ಜೀವಮಾನದ ಕೆಲಸವನ್ನು ಉಳಿಸಿತು, ಮತ್ತು ಅದನ್ನು ಇಂದು ಯಾರು ಬೇಕಾದರೂ ಕೇಳಬಹುದು.

ಇದೇ ಮನುಷ್ಯ 94 ಕರ್ನಾಟಕ ಕೃತಿಗಳನ್ನು ರಚಿಸಿದರು ಎಂಬುದನ್ನು ಬಲ್ಲವರು ಇಲ್ಲಿ ಹೆಚ್ಚು. ಸಂಸ್ಕೃತ ಸಾಹಿತ್ಯ, ಶ್ರೀವಿದ್ಯಾ ಅಂಕಿತ, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ. ಅಠಾಣದ ‘ಶ್ರೀ ಮಹಾಗಣಪತಿಂ ಭಜೇಹಂ’, ಗಂಭೀರನಾಟದ ‘ಶ್ರೀ ಜಾಲಂಧರ’ ಕಛೇರಿಗಳಲ್ಲಿ ಈಗಲೂ ಕೇಳಸಿಗುತ್ತವೆ. ನಮ್ಮ ಸಭೆಗಳಲ್ಲಿ ಈ ಒಡೆಯರ್ ಪರಿಚಿತರು, ಲಂಡನ್ನಿನ ಆರ್ಕೆಸ್ಟ್ರಾ ಚರಿತ್ರೆಯಲ್ಲಿ ಆ ಒಡೆಯರ್ ಪರಿಚಿತರು. ಇಬ್ಬರನ್ನೂ ಒಂದೇ ಸಂಜೆ ಕೂರಿಸಿ ಮಾತನಾಡಿಸಿದವರು ಕಡಿಮೆ.

ಮಾಡಬಹುದಾದ ಕೆಲಸ ಅದು. ಮುಂಬೈಯಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಅದನ್ನು ಮೈಸೂರಿಗೆ ಕರೆಸಬೇಕು. ದಸರೆಯ ಗದ್ದಲದ ವೇದಿಕೆ ಬೇಡ, ಮೈಕಿನ ಹಂಗಿಲ್ಲದೆ ಎಂಬತ್ತು ಮಂದಿ ನುಡಿಸಬಹುದಾದ ಒಂದು ಸಭಾಂಗಣ ಬೇಕು. ಒಳ್ಳೆಯ ಪಿಯಾನೋ ಬೇಕು, ಮೆಟ್ನರ್ ಕೃತಿಯನ್ನು ಕಲಿಯಲು ಒಪ್ಪುವ ಕಲಾವಿದರು ಬೇಕು, ಏಕೆಂದರೆ ಅದು ಬೆರಳುಗಳಿಗೆ ಬಹಳ ಕಠಿಣ. ಮೊದಲು ಇಬ್ಬರು ಮೂವರು ಕರ್ನಾಟಕ ಸಂಗೀತ ವಿದ್ವಾಂಸರು ಒಡೆಯರ್ ಕೃತಿಗಳನ್ನು ಹಾಡಲಿ. ವಿರಾಮದ ನಂತರ ಮೂರನೆಯ ಕನ್ಚೆರ್ಟೊ. ಖರ್ಚು ದೊಡ್ಡದೇ, ಆದರೆ ಈಗ ಅದನ್ನು ಒಬ್ಬರೇ ಹೊರಬೇಕಾಗಿಲ್ಲ. ಲೆಗ್ ಮಾಡಿದಂತೆ 500 ಮಂದಿ ಚಂದಾದಾರರನ್ನು ಕೂಡಿಸಿದರೆ ಶುರು ಮಾಡಬಹುದು. ಅಲ್ಲಿಯವರೆಗೆ, 1947ರಲ್ಲಿ ಮೆಟ್ನರ್ ಸ್ವತಃ ನುಡಿಸಿದ ಮುದ್ರಣವನ್ನು ಹುಡುಕಿ ಕೇಳಿ. ಮೊದಲ ಸಲ ಹಿಡಿತಕ್ಕೆ ಸಿಗದಿದ್ದರೆ ಕೊನೆಯ ಭಾಗದಿಂದ ತೊಡಗಿ.